ಅಪಘಾತದ ನಂತರ ಮನಸ್ಸಿಗಾದ ಹಾನಿ: ಕೋರ್ಟಿನಲ್ಲಿ ತೋರಿಸುವುದು ಹೇಗೆ?

ಓದುಗರ ಪ್ರಶ್ನೆ, ಕಾನೂನು ಮತ್ತು ಮನೋವೈದ್ಯ ಬಳಗದ ಉತ್ತರ

ಪುಣೆ, ಮುಂಬೈ, ಗೋವಾಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಕಟದವು. ಗಾಯ ಮಾಯಿತು, ಆದರೆ ಮನುಷ್ಯ ಮೊದಲಿನ ಹಾಗಿಲ್ಲ. ಅದು ಅಪಘಾತದಿಂದಲೇ ಆದದ್ದೆಂದು ಒಪ್ಪಿಸುವುದು ಹೇಗೆಂದು ಕೇಳಿದ್ದೀರಿ. ಐದು ಪತ್ರಗಳನ್ನು ಆಯ್ದು ಉತ್ತರಿಸಿದ್ದೇವೆ. ಊರು, ಕೆಲಸ ಬಿಟ್ಟರೆ ಬೇರೆ ಗುರುತು ಕೊಟ್ಟಿಲ್ಲ.

ಪ್ರಶ್ನೆ: ನಮ್ಮ ಯಜಮಾನರಿಗೆ 38 ವರ್ಷ. ಕಾರ್ಖಾನೆಯೊಂದರಲ್ಲಿ ಕಾಯಂ ಲೈನ್ ಸೂಪರ್‌ವೈಸರ್ ಆಗಿದ್ದರು, ಸಂಬಳ 24,000. ಹದಿನಾಲ್ಕು ತಿಂಗಳ ಹಿಂದೆ ನವಲೆ ಸೇತುವೆಯ ಇಳಿಜಾರಿನಲ್ಲಿ ಲಾರಿ ಬೈಕಿಗೆ ಗುದ್ದಿತು. ಮೊಣಕಾಲ ಕೆಳಗೆ ಮೂಳೆ ಮುರಿದು ರಾಡ್ ಹಾಕಿದರು. ಮೂಳೆ ಕೂಡಿದೆ ಎನ್ನುತ್ತಾರೆ ಡಾಕ್ಟರು, ನೋವು ಮಾತ್ರ ಹೋಗಿಲ್ಲ. ರಾತ್ರಿ ಬೆಚ್ಚಿ ಎದ್ದು ಕೂರುತ್ತಾರೆ, ದೊಡ್ಡ ಗಾಡಿಯ ಹಾರ್ನ್ ಕೇಳಿದರೆ ಬೆವರುತ್ತಾರೆ. ಐದು ತಿಂಗಳಿಂದ ಕೆಲಸಕ್ಕೆ ಹೋಗಿಲ್ಲ. ಮೂರು ತಿಂಗಳಿಂದ ಮನೋವೈದ್ಯರ ಮಾತ್ರೆ ನಡೆದಿದೆ. ಕೇಸ್ ಹಾಕುವಾಗ ಕಾಲಿನ ಗಾಯ ಮಾತ್ರ ಬರೆಸಿದ್ದೆವು. ವಿಮಾ ಕಂಪನಿಯ ವಕೀಲರು ‘ಇದು ಗೃಹಸಾಲದ ಚಿಂತೆ, ಅಪಘಾತಕ್ಕೂ ಇದಕ್ಕೂ ಸಂಬಂಧವಿಲ್ಲ’ ಎನ್ನುತ್ತಾರೆ. ಲೋಕ ಅದಾಲತ್‌ನಲ್ಲಿ ಮುಗಿಸಿಕೊಳ್ಳಿ ಎಂಬ ಒತ್ತಾಯವೂ ಇದೆ. (ಚಿಂಚವಡ, ಪುಣೆ)

ಉತ್ತರ: ಮೊದಲು ಲೋಕ ಅದಾಲತ್ ಮಾತು. ಮಾನಸಿಕ ತಪಾಸಣೆ ಪೂರ್ತಿಯಾಗಿ, ಅದರ ಕಾಗದ ಕೋರ್ಟಿಗೆ ಸೇರುವ ತನಕ ರಾಜಿಗೆ ಸಹಿ ಹಾಕಬೇಡಿ. ಅಲ್ಲಿ ಆದ ಒಪ್ಪಂದದ ಮೇಲೆ ಅಪೀಲು ಇಲ್ಲ. ಮೋಟಾರು ವಾಹನ ಕಾಯ್ದೆಯಲ್ಲಿ ಪರಿಹಾರ ಸಿಗುವುದು ಒಂದೇ ಸಲ. ಅಂತಿಮ ತೀರ್ಪಾದ ಮೇಲೆ ‘ಕಾಯಿಲೆ ಹೆಚ್ಚಾಯಿತು, ಇನ್ನಷ್ಟು ಕೊಡಿ’ ಎಂದು ಮತ್ತೆ ಹೋಗಲು ದಾರಿಯಿಲ್ಲವೆಂದು ಸುಪ್ರೀಂ ಕೋರ್ಟ್ ನಾಗಪ್ಪ ವಿರುದ್ಧ ಗುರುದಯಾಳ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಅದೇ ತೀರ್ಪಿನಲ್ಲಿ ನಿಮಗೆ ಅನುಕೂಲವಾದ ಮಾತೂ ಇದೆ: ನ್ಯಾಯವೆಂದು ಕಂಡರೆ ಅರ್ಜಿಯಲ್ಲಿ ಕೇಳಿದ್ದಕ್ಕಿಂತ ಹೆಚ್ಚು ಮೊತ್ತವನ್ನೂ ನ್ಯಾಯಮಂಡಳಿ (ಅಪಘಾತ ಪರಿಹಾರದ ಕೋರ್ಟ್) ಕೊಡಬಹುದು. ಆದ್ದರಿಂದ ಈಗಲೇ ಅರ್ಜಿಯ ತಿದ್ದುಪಡಿಗೆ ಕೇಳಿ. ಮಾನಸಿಕ ಕಾಯಿಲೆಯ ಹೆಸರು, ಶುರುವಾದ ಕಾಲ, ಆಗಿರುವ ಮತ್ತು ಮುಂದೆ ಆಗುವ ಖರ್ಚು, ನಿಂತುಹೋದ ಸಂಬಳ ಎಲ್ಲವೂ ಅದರಲ್ಲಿ ಬರಬೇಕು. ಅರ್ಜಿಯಲ್ಲೇ ಇಲ್ಲದ ಸಂಗತಿಗೆ ಸಾಕ್ಷಿ ನುಡಿಸಲು ಹೋದರೆ ಎದುರು ವಕೀಲರು ಮೊದಲ ಪ್ರಶ್ನೆಗೇ ಆಕ್ಷೇಪ ಎತ್ತುತ್ತಾರೆ.

ಇನ್ನು ಸಂಬಂಧ ತೋರಿಸುವ ವಿಷಯ. ಅಪಘಾತದಿಂದ ಮನಸ್ಸಿಗೆ ಹಾನಿಯಾಗುವ ದಾರಿಗಳು ಎರಡು, ನಿಮ್ಮ ಪತ್ರದಲ್ಲಿ ಎರಡೂ ಕಾಣುತ್ತವೆ. ಬೆಚ್ಚಿ ಏಳುವುದು, ಹಾರ್ನ್‌ಗೆ ಬೆವರುವುದು, ರಸ್ತೆಗೆ ಇಳಿಯಲಾಗದಿರುವುದು ಆ ಘಟನೆಯಿಂದ ನೇರವಾಗಿ ಬಂದವು. ಇವು ಒಂದು ತಿಂಗಳಿಗೂ ಮೀರಿ ಉಳಿದರೆ ವೈದ್ಯರು ಆಘಾತೋತ್ತರ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ, ಇದೆಯೇ ಎಂದು ನೋಡುತ್ತಾರೆ. ಕಾಯಿಲೆಗಳ ಅಂತರರಾಷ್ಟ್ರೀಯ ಪಟ್ಟಿಯಾದ ಐಸಿಡಿ-10ರಲ್ಲಿ ಅದರ ಸಂಖ್ಯೆ ಎಫ್ 43.1. ಎರಡನೆಯ ದಾರಿ ಗಾಯದ ಮೂಲಕ ಬರುವಂಥದು: ನೋವಿನಿಂದ ನಿದ್ದೆಗೆಟ್ಟು, ನಿದ್ದೆಗೆಟ್ಟು ಕೆಲಸ ತಪ್ಪಿ, ಕೆಲಸ ತಪ್ಪಿ ಖಿನ್ನತೆಗೆ ಇಳಿಯುವುದು. ಈ ಎರಡನ್ನೂ ಒಂದೇ ಸಾಲಿನಲ್ಲಿ ‘ಅಪಘಾತದ ನಂತರ ಡಿಪ್ರೆಶನ್’ ಎಂದು ಬರೆಸಿದರೆ ಕೇಸ್ ಸಡಿಲವಾಗುತ್ತದೆ. ಮೊದಲನೆಯದಕ್ಕೆ ಘಟನೆ ಎಷ್ಟು ಭಯಾನಕವಾಗಿತ್ತು ಎಂಬುದು ಬೇಕು, ಎರಡನೆಯದಕ್ಕೆ ನೋವು ಎಷ್ಟು ದಿನ ಉಳಿಯಿತು ಎಂಬುದು. ಪುರಾವೆಗಳೇ ಬೇರೆ ಬೇರೆ.

ಕೋರ್ಟ್ ಕೇಳುವುದು ಕ್ರಿಮಿನಲ್ ಕೇಸಿನಂಥ ಸಂದೇಹಾತೀತ ಸಾಬೀತನ್ನಲ್ಲ. ಎಲ್ಲ ಸಂಗತಿ ತೂಗಿ ನೋಡಿದಾಗ ಹೀಗಾಗಿರುವ ಸಂಭವವೇ ಹೆಚ್ಚು ಎಂದು ಕಂಡರೆ ಸಾಕು. ಆದರೂ ಇಂಥ ಕೇಸುಗಳು ಬೀಳುತ್ತವೆ. ಬೀಳುವ ಜಾಗ ಬಹುತೇಕ ಒಂದೇ: ಡಾಕ್ಟರರ ಕೇಸ್ ಪೇಪರ್. ‘ನಿದ್ದೆ ಇಲ್ಲ, ಮೂರು ತಿಂಗಳಿಂದ, ಮಾತ್ರೆ ಮುಂದುವರಿಸಿ’ ಎಂದಷ್ಟೇ ಬರೆದಿದ್ದರೆ ಕಾಯಿಲೆ ಇರುವುದು ಗೊತ್ತಾಗುತ್ತದೆ, ಎಲ್ಲಿಂದ ಬಂತೆಂಬುದು ಗೊತ್ತಾಗುವುದಿಲ್ಲ. ಇರಬೇಕಾದ್ದು ಇಂಥದು: ‘ಇಂಥ ತಾರೀಖಿನ ರಸ್ತೆ ಅಪಘಾತದ ಎರಡನೇ ವಾರದಿಂದ ಲಾರಿ ಮೈಮೇಲೆ ಬರುವ ಕನಸು, ವಾರಕ್ಕೆ ನಾಲ್ಕೈದು ಸಲ. ಬೈಕ್ ಮುಟ್ಟಿಲ್ಲ. ಕಾಲುನೋವಿನಿಂದ ರಾತ್ರಿ ಎರಡು ಮೂರು ಸಲ ಎಚ್ಚರ. ಮೊದಲು ಇಂಥ ತೊಂದರೆ ಇರಲಿಲ್ಲವೆಂದು ರೋಗಿ ಮತ್ತು ಹೆಂಡತಿ ಇಬ್ಬರೂ ಹೇಳುತ್ತಾರೆ. ಮನೆತನದಲ್ಲಿ ಮಾನಸಿಕ ಕಾಯಿಲೆ ಇಲ್ಲ. ಕುಡಿತ ಇಲ್ಲ.’ ಇದನ್ನು ಹೀಗೇ ಬರೆಯಿರಿ ಎಂದು ಡಾಕ್ಟರಿಗೆ ಹೇಳಿಕೊಡುವುದು ತಪ್ಪು. ಆದರೆ ಯಾವ ವಾರ ಶುರುವಾಯಿತು, ವಾರಕ್ಕೆ ಎಷ್ಟು ಸಲ, ಏನೇನು ಬಿಟ್ಟಿದ್ದಾರೆ ಎಂಬ ವಿವರವನ್ನು ನೀವೇ ಬಾಯಿಬಿಟ್ಟು ಹೇಳಿ. ಸರಕಾರಿ ಒಪಿಡಿಯ ನೂಕುನುಗ್ಗಲಿನಲ್ಲಿ ಡಾಕ್ಟರು ಅದನ್ನು ಕೆದಕಿ ಕೇಳಲಿಕ್ಕಿಲ್ಲ. ಒಂದು ಹಾಳೆಯಲ್ಲಿ ತಾರೀಖಿನ ಪ್ರಕಾರ ಬರೆದುಕೊಂಡು ಹೋಗಿ ಮುಂದಿಟ್ಟರೆ ಇನ್ನೂ ಒಳ್ಳೆಯದು.

ನಿಮ್ಮವರು ಮನೋವೈದ್ಯರಲ್ಲಿಗೆ ಹೋದದ್ದು ಅಪಘಾತವಾಗಿ ಸುಮಾರು ಹನ್ನೊಂದು ತಿಂಗಳಿಗೆ. ಆ ನಡುವಿನ ಕಾಲವನ್ನು ತುಂಬಬೇಕು. ಅದಕ್ಕೆ ಮೂಳೆ ಡಾಕ್ಟರರ ಕಾಗದಗಳೇ ಗತಿ. ಪ್ರತಿ ಭೇಟಿಯಲ್ಲೂ ‘ನೋವಿದೆ’ ಎಂದು ಬರೆದಿದ್ದಾರೆಯೇ? ನೋವಿನ ಮಾತ್ರೆ ಎಲ್ಲಿಯವರೆಗೆ ನಡೆಯಿತು? ಎಲ್ಲಾದರೂ ನಿದ್ದೆಯ ಗುಳಿಗೆ ಬರೆದಿದ್ದಾರೆಯೇ? ಫಿಸಿಯೋಥೆರಪಿಯವರ ಕಾರ್ಡಿನಲ್ಲಿ ‘ಹೆದರಿಕೆ, ಕಾಲೂರುವುದಿಲ್ಲ’ ಎಂಬಂಥ ಸಾಲು ಇದೆಯೇ? ‘ನೋವಿನಿಂದ ನಿದ್ದೆ ಇಲ್ಲ, ಮನಸ್ಸು ಕುಗ್ಗಿದೆ, ಮನೋವೈದ್ಯರಿಗೆ ತೋರಿಸಿ’ ಎಂದು ಮೂಳೆ ಡಾಕ್ಟರು ಬರೆದ ಚೀಟಿ ಸಿಕ್ಕರೆ, ನಮ್ಮ ಅಭಿಪ್ರಾಯದಲ್ಲಿ, ಇಡೀ ಕಡತದಲ್ಲಿ ಅದಕ್ಕಿಂತ ಬೆಲೆಯುಳ್ಳ ಕಾಗದ ಇಲ್ಲ. ಪರಿಹಾರಕ್ಕೂ ತನಗೂ ಸಂಬಂಧವಿಲ್ಲದ ಡಾಕ್ಟರು, ಕೇಸಿನ ಯೋಚನೆಯಿಲ್ಲದ ಹೊತ್ತಿನಲ್ಲಿ ಬರೆದ ಮಾತು ಅದು. ಪಿಟಿಎಸ್‌ಡಿ ಲಕ್ಷಣಗಳು ಸಾಮಾನ್ಯವಾಗಿ ಆರು ತಿಂಗಳೊಳಗೆ ಕಾಣಿಸಿಕೊಳ್ಳುತ್ತವೆ. ತಡವಾಗಿ ಬರುವುದೂ ಉಂಟು, ಆದರೆ ಆಗ ವಿವರಣೆ ಬೇಕಾಗುತ್ತದೆ. ತೋರಿಸಿದ್ದು ತಡವೋ, ಶುರುವಾದದ್ದೇ ತಡವೋ ಎಂಬುದನ್ನು ಮನೋವೈದ್ಯರು ಬಿಡಿಸಿ ಬರೆಯಬೇಕು. ಪಾಟೀಸವಾಲಿನಲ್ಲಿ ಇದನ್ನೇ ಹಿಡಿದು ಕೇಳುತ್ತಾರೆ.

ಅಳತೆಯೂ ಬೇಕು. ಪಿಸಿಎಲ್-5 ಎಂಬ ಪ್ರಶ್ನಾವಳಿಯಲ್ಲಿ 20 ಪ್ರಶ್ನೆ, ಒಂದಕ್ಕೆ 0ಯಿಂದ 4, ಒಟ್ಟು 80 ಅಂಕ. 31–33ರ ಮೇಲೆ ಬಂದರೆ ಪಿಟಿಎಸ್‌ಡಿ ಇರಬಹುದೆಂದು ಅರ್ಥ. ಅದು ರೋಗಿ ತಾನೇ ತುಂಬುವ ಹಾಳೆಯಾದ್ದರಿಂದ ಅದೊಂದೇ ನಿಲ್ಲುವುದಿಲ್ಲ. ಸಿಎಪಿಎಸ್-5 ಎಂಬುದು ತಜ್ಞರು ಎದುರು ಕೂತು ನಡೆಸುವ ಸಂದರ್ಶನ, ಅದರ ತೂಕ ಹೆಚ್ಚು. ಖಿನ್ನತೆಗೆ ಪಿಎಚ್‌ಕ್ಯೂ-9 ಇದೆ, ಒಟ್ಟು 27 ಅಂಕ. ಮೂರು ನಾಲ್ಕು ತಿಂಗಳ ಅಂತರದಲ್ಲಿ ಎರಡು ಮೂರು ಸಲ ಮಾಡಿಸಿ. ಒಂದೇ ದಿನದ ಅಂಕಕ್ಕಿಂತ ಚಿಕಿತ್ಸೆಯ ಜೊತೆ ಏರಿಳಿದ ಅಂಕಗಳನ್ನು ಕೋರ್ಟ್ ನಂಬುತ್ತದೆ.

ಶೇಕಡಾವಾರು ಲೆಕ್ಕದಲ್ಲಿ ಬಹಳ ಜನ ಎಡವುತ್ತಾರೆ. ಮಾನಸಿಕ ಅಂಗವಿಕಲತೆಯನ್ನು ‘ಐಡಿಯಾಸ್’ ಎಂಬ ಭಾರತೀಯ ಮಾಪನದಲ್ಲಿ ಅಳೆಯುತ್ತಾರೆ. ತನ್ನ ಆರೈಕೆ, ಜನರೊಂದಿಗಿನ ಒಡನಾಟ, ಮಾತುಕತೆ ಮತ್ತು ಗ್ರಹಿಕೆ, ಕೆಲಸ, ಈ ನಾಲ್ಕಕ್ಕೆ ತಲಾ 0ಯಿಂದ 4, ಜೊತೆಗೆ ಕಾಯಿಲೆಯ ಅವಧಿಗೆ ಅಂಕ. ಒಟ್ಟು 20ರಲ್ಲಿ 7 ಮುಟ್ಟಿದರೆ ಶೇ 40ರ ಸಾಲಿಗೆ ಬರುತ್ತದೆ. ಆದರೆ ಪರಿಹಾರಕ್ಕೆ ಶೇ 40 ಬೇಕೇಬೇಕೆಂದಿಲ್ಲ. ರಾಜ್‌ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದ ತೀರ್ಪಿನ ಪ್ರಕಾರ ಪ್ರಮಾಣಪತ್ರದ ಶೇಕಡಾವಾರು ಬೇರೆ, ದುಡಿಮೆಯಲ್ಲಿ ಕಳೆದುಕೊಂಡ ಶೇಕಡಾವಾರು ಬೇರೆ. ಎಡಗೈ ಹೋದರೆ ಚಾಲಕನ ದುಡಿಮೆ ಪೂರ್ತಿ ಹೋಗಬಹುದು, ಸರಕಾರಿ ಗುಮಾಸ್ತನ ಕೆಲಸ ಉಳಿಯಬಹುದು. ಮನಸ್ಸಿನ ವಿಷಯಕ್ಕೂ ಇದೇ ನ್ಯಾಯ: ರಸ್ತೆಯ ಭಯವೆಂದರೆ ಮನೆಯಿಂದ ಕೆಲಸ ಮಾಡುವವರಿಗೆ ಅನನುಕೂಲ, ಟೆಂಪೋ ಓಡಿಸುವವರಿಗೆ ಅನ್ನವೇ ಹೋದಂತೆ.

ಸಂಖ್ಯೆ ಹಾಕಿ ನೋಡಿ. ವರ್ಷದ ಆದಾಯ 2,88,000. ಕಾಯಂ ನೌಕರಿ, ವಯಸ್ಸು 40ರೊಳಗೆ, ಹಾಗಾಗಿ ಮುಂದಿನ ಏರಿಕೆಗೆ ಶೇ 50 ಸೇರಿಸಿದರೆ 4,32,000. ವಯಸ್ಸು 36ರಿಂದ 40ರೊಳಗಿದ್ದರೆ ಗುಣಕ, ಅಂದರೆ ವರ್ಷದ ನಷ್ಟವನ್ನು ಗುಣಿಸುವ ಸಂಖ್ಯೆ, 15. ಕಾಲಿನ ದೋಷ ಮಾತ್ರ ಹಿಡಿದು ದುಡಿಮೆಯ ನಷ್ಟ ಶೇ 8 ಎಂದರೆ 5,18,400. ಮನಸ್ಸಿನದೂ ಸೇರಿ ಶೇ 20 ಎಂದು ಒಪ್ಪಿದರೆ 12,96,000. ಗಾಯಾಳು ಬದುಕಿರುವ ಪ್ರಕರಣದಲ್ಲಿ ಸ್ವಂತ ಖರ್ಚೆಂದು ಮೂರನೇ ಒಂದು ಭಾಗ ಕಳೆಯುವಂತಿಲ್ಲ. ಚಿಕಿತ್ಸೆಯ ಖರ್ಚು, ಕೆಲಸಕ್ಕೆ ಹೋಗದ ತಿಂಗಳ ಸಂಬಳ, ನೋವು-ಯಾತನೆ, ಬದುಕಿನ ಸುಖ ತಪ್ಪಿದ್ದು, ಮುಂದಿನ ಔಷಧ ಇವೆಲ್ಲ ಇದರ ಹೊರಗೆ. ಕಾಯಿಲೆ ಗುಣವಾಗುವಂಥದು ಎಂದು ಡಾಕ್ಟರು ಹೇಳಿದರೆ ಗುಣಕದ ಲೆಕ್ಕ ಕಷ್ಟ, ಆಗಲೂ ಈ ಬಾಬ್ತುಗಳು ಉಳಿಯುತ್ತವೆ. ಅದಕ್ಕಾಗಿ ‘ಶಾಶ್ವತ’ ಎಂದು ಬರೆಸಿಕೊಳ್ಳಲು ಹಟ ಹಿಡಿಯಬೇಡಿ.

ಗೃಹಸಾಲದ ವಾದಕ್ಕೆ ಬ್ಯಾಂಕಿನ ಪಾಸ್‌ಬುಕ್ಕೇ ಉತ್ತರ. ಅಪಘಾತಕ್ಕೆ ಹಿಂದಿನ ಎರಡು ವರ್ಷ ಕಂತು ತಪ್ಪದೆ ಕಟ್ಟಿದ್ದು, ಸಂಬಳ ನಿಂತ ತಿಂಗಳಿಂದ ಬೌನ್ಸ್ ಆದದ್ದು ಅದರಲ್ಲಿ ಕಾಣುತ್ತದೆ. ಸಾಲ ಮೊದಲೂ ಇತ್ತು, ಕಾಯಿಲೆ ಇರಲಿಲ್ಲ. ಸಾಲ ಚಿಂತೆಯಾದದ್ದೇ ಅಪಘಾತದಿಂದ ಸಂಬಳ ತಪ್ಪಿದ ಮೇಲೆ. ಕಾರ್ಖಾನೆಯಿಂದ ಮೂರು ವರ್ಷದ ಹಾಜರಿ, ಸಂಬಳ ಚೀಟಿ ತರಿಸಿ. ಇನ್ನೊಂದು ಮುಖ್ಯ ಎಚ್ಚರಿಕೆ: ರಾಜೀನಾಮೆ ಕೊಡುವ ಸಂದರ್ಭ ಬಂದರೆ ‘ವೈಯಕ್ತಿಕ ಕಾರಣ’ ಎಂದು ಬರೆಯಬೇಡಿ. ಎಚ್‌ಆರ್‌ನವರು ಹಾಗೆ ಬರೆಯಿರಿ ಎನ್ನುವುದು ವಾಡಿಕೆ, ಮುಂದೆ ಆ ಎರಡು ಪದ ಇಡೀ ಕೇಸಿಗೆ ಮುಳುವಾಗುತ್ತವೆ. ‘ಇಂಥ ದಿನದ ಅಪಘಾತದ ನಂತರದ ಅನಾರೋಗ್ಯದಿಂದ ಕೆಲಸ ಮಾಡಲಾಗುತ್ತಿಲ್ಲ’ ಎಂದೇ ಬರೆದು, ವೈದ್ಯರ ಚೀಟಿ ಲಗತ್ತಿಸಿ, ಸ್ವೀಕೃತಿಯ ಸಹಿ ಪಡೆಯಿರಿ.

ಕೊನೆಗೆ ಡಾಕ್ಟರ ಸಾಕ್ಷ್ಯ. ಪ್ರಮಾಣಪತ್ರವನ್ನು ಕಡತಕ್ಕೆ ಸೇರಿಸಿದರೆ ಸಾಲದು. ಬರೆದ ವೈದ್ಯರು ಬಂದು ಪಾಟೀಸವಾಲು ಎದುರಿಸಬೇಕು. ಚಿಕಿತ್ಸೆಯನ್ನೇ ಕೊಡದ ಡಾಕ್ಟರು ಬರೆದುಕೊಡುವ ಸಿದ್ಧ ಸರ್ಟಿಫಿಕೇಟುಗಳನ್ನು ಎಚ್ಚರದಿಂದ ನೋಡಬೇಕೆಂದು ಅದೇ ರಾಜ್‌ಕುಮಾರ್ ತೀರ್ಪು ನ್ಯಾಯಮಂಡಳಿಗಳಿಗೆ ಹೇಳಿದೆ. ಅವರಿಗೆ ಬರುವ ಪ್ರಶ್ನೆಗಳು ಬಹುತೇಕ ಗೊತ್ತಿರುವಂಥವೇ: ಯಾವಾಗಿನಿಂದ ನೋಡುತ್ತಿದ್ದೀರಿ? ಅಪಘಾತದ ಕಾಗದ, ಹಳೆಯ ಕೇಸ್ ಪೇಪರ್ ಓದಿದ್ದೀರಾ? ರೋಗಿಯ ಬಾಯಿಮಾತು ಬಿಟ್ಟು ಬೇರೆ ಆಧಾರವೇನು? ಬೇರೆ ಕಾರಣ ಇದೆಯೇ ಎಂದು ವಿಚಾರಿಸಿದಿರಾ? ಆದ್ದರಿಂದ ಪೊಲೀಸ್ ಪಂಚನಾಮೆ, ಆಸ್ಪತ್ರೆಯ ಎಂಎಲ್‌ಸಿ (ಪೊಲೀಸ್ ಕೇಸಿಗಾಗಿ ಬರೆಯುವ ಗಾಯದ ದಾಖಲೆ), ಡಿಸ್ಚಾರ್ಜ್ ಕಾರ್ಡ್, ಮೂಳೆ ಡಾಕ್ಟರ ಎಲ್ಲ ಚೀಟಿಗಳ ಜೆರಾಕ್ಸ್ ಸೆಟ್ ಮನೋವೈದ್ಯರಿಗೆ ಮೊದಲೇ ಕೊಡಿ. ಅವನ್ನು ಓದಿದ್ದೇನೆಂದು ಅವರು ವರದಿಯಲ್ಲೇ ನಮೂದಿಸಲಿ. ತಾರೀಖಿಗೆ ಬರಲಾಗದಿದ್ದರೆ ಕೋರ್ಟ್ ಕಮಿಷನರ್ ನೇಮಿಸಿ ಆಸ್ಪತ್ರೆಯಲ್ಲೇ ಸಾಕ್ಷ್ಯ ಪಡೆಯುವಂತೆ ವಕೀಲರು ಅರ್ಜಿ ಹಾಕಬಹುದು.

ಪ್ರಶ್ನೆ: ನಮಸ್ಕಾರ್ರಿ. ನಾವು ಬಾಗಲಕೋಟಿ ಕಡಿಯವರು, ಗೋವಾದ ಜುವಾರಿನಗರದಾಗ ಇರ್ತೀವಿ. ನನ್ನ ತಮ್ಮ ಸೆಂಟ್ರಿಂಗ್ ಕೆಲಸಾ ಮಾಡ್ತಿದ್ದ. ಐದ್ ತಿಂಗಳ ಹಿಂದ ಪೈಲಟ್ ಗಾಡಿ (ಬಾಡಗಿ ಬೈಕ್) ಹಿಂದ ಕುಂತು ಹೊಂಟಾಗ ಟ್ಯಾಂಕರ್ ಬಡದು ತಲಿಗೆ ಪೆಟ್ಟಾತು. ಬಾಂಬೋಳಿ ಜಿಎಂಸಿಯೊಳಗ (ಗೋವಾ ಮೆಡಿಕಲ್ ಕಾಲೇಜ್ ದವಾಖಾನಿ) ಹನ್ನೊಂದು ದಿವಸ ಇಟ್ಟಿದ್ರು. ಈಗ ನೋಡಾಕ ಚಲೋ ಅದಾನ. ಆದ್ರ ಹೇಳಿದ್ದು ನೆಪ್ಪ ಇರೂದಿಲ್ಲ, ಸಣ್ಣ ಮಾತಿಗೆ ಸಿಟ್ಟಿಗೇಳ್ತಾನ, ಹೆಂಡ್ತಿ ಮ್ಯಾಲೆ ಕೈ ಮಾಡ್ತಾನ. ಮೊದಲ ಹಿಂಗ ಇರಲಿಲ್ರಿ. ಎಲ್ಲಾರೂ ಕುಡ್ಯಾಕ ಹತ್ತ್ಯಾನ ಅಂತಾರ. ಕೇಸ್ ಇನ್ನೂ ಹಾಕಿಲ್ಲ. (ವಾಸ್ಕೊ)

ಉತ್ತರ: ಅಣ್ಣಾರೆ, ಈ ವಾರವೇ ವಕೀಲರನ್ನು ನೋಡಿ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ ಅಪಘಾತವಾದ ಆರು ತಿಂಗಳೊಳಗೆ ಕ್ಲೇಮ್ ಅರ್ಜಿ ಹಾಕಬೇಕು. ತಲೆಗೆ ಪೆಟ್ಟು, ಅದರಿಂದ ನೆನಪು ಮತ್ತು ನಡವಳಿಕೆಯಲ್ಲಿ ಬದಲಾವಣೆ ಎಂದು ಅರ್ಜಿಯಲ್ಲೇ ಬರಲಿ, ತಪಾಸಣೆಯ ಕಾಗದ ಆಮೇಲೆ ಸೇರಿಸಬಹುದು. ಅಪಘಾತವಾದ ಗೋವಾದಲ್ಲೂ ಹಾಕಬಹುದು, ನೀವು ವಾಸವಿರುವ ಜಾಗದ ನ್ಯಾಯಮಂಡಳಿಯಲ್ಲೂ ಹಾಕಬಹುದು. ತಮ್ಮ ಬಾಗಲಕೋಟೆಗೇ ಹೋಗಿ ನೆಲೆಸಿದ್ದರೆ ಅಲ್ಲಿಯೇ ಆದೀತು. ಆದರೆ ಸಾಕ್ಷ್ಯ ಹೇಳಬೇಕಾದ ಜಿಎಂಸಿ ಡಾಕ್ಟರು ಗೋವಾದಲ್ಲಿದ್ದಾರೆ ಎಂಬುದು ನೆನಪಿರಲಿ.

ತಮ್ಮನದು ಬರೀ ಮನಸ್ಸಿನ ನೋವಲ್ಲ, ಮಿದುಳಿಗೇ ಪೆಟ್ಟಾಗಿರುವ ಸಂಭವವಿದೆ. ಹಣೆಯ ಹಿಂದಿನ ಭಾಗಕ್ಕೆ ಪೆಟ್ಟಾದರೆ ಸಿಟ್ಟಿನ ಮೇಲಿನ ಹಿಡಿತ, ಯೋಜನೆ, ಸಂಕೋಚ ಎಲ್ಲ ಕೆಡುತ್ತವೆ, ಕೈಕಾಲು ಮಾತ್ರ ಸರಿಯಾಗಿಯೇ ಇರುತ್ತವೆ. ಹೊರಗಿನಿಂದ ನೋಡಿದವರಿಗೆ ಅದು ಕುಡಿತದ ಹಾಗೆ ಕಾಣುತ್ತದೆ. ಇದನ್ನು ತೋರಿಸಲು ಮೊದಲ ದಿನದ ಕಾಗದವೇ ಮೂಲ. ಜಿಎಂಸಿಯ ಮೆಡಿಕಲ್ ರೆಕಾರ್ಡ್ ವಿಭಾಗದಲ್ಲಿ ಲಿಖಿತ ಅರ್ಜಿ ಕೊಟ್ಟು ಪೂರ್ತಿ ಇನ್‌ಡೋರ್ ಪೇಪರ್ ಕೇಳಿ, ಡಿಸ್ಚಾರ್ಜ್ ಕಾರ್ಡ್ ಒಂದೇ ಸಾಲದು. ಅದರಲ್ಲಿ ಮೂರು ಸಂಗತಿ ಹುಡುಕಿ. ಬಂದಾಗ ಪ್ರಜ್ಞೆಯ ಮಟ್ಟ ಅಳೆಯುವ ಗ್ಲಾಸ್ಗೋ ಕೋಮಾ ಅಂಕ ಎಷ್ಟಿತ್ತು: 13ರಿಂದ 15 ಇದ್ದರೆ ಸೌಮ್ಯ ಪೆಟ್ಟು, 9ರಿಂದ 12 ಮಧ್ಯಮ, 8 ಅಥವಾ ಕಡಿಮೆ ಇದ್ದರೆ ತೀವ್ರ. ಎಷ್ಟು ಹೊತ್ತು ಪ್ರಜ್ಞೆ ಇರಲಿಲ್ಲ. ಸಿಟಿ ಸ್ಕ್ಯಾನಿನಲ್ಲಿ ರಕ್ತಸ್ರಾವ ಅಥವಾ ಮಿದುಳಿನ ಜಜ್ಜುಗಾಯ ಎಲ್ಲಿತ್ತು. ಎಚ್ಚರವಾದ ಮೇಲೂ ಎಷ್ಟು ದಿನ ಹಿಂದು-ಮುಂದು ಗೊತ್ತಿಲ್ಲದೆ ಮಾತಾಡಿದ ಎಂಬುದು ಮನೆಯವರಿಗೆ ಮಾತ್ರ ಗೊತ್ತಿರುತ್ತದೆ, ಅದನ್ನು ಮರೆಯುವ ಮುನ್ನ ಬರೆದಿಡಿ. ಪೆಟ್ಟಿನ ತೀವ್ರತೆ ಹೇಳಲು ಅದೂ ಒಂದು ಅಳತೆ.

ಮುಂದಿನ ತಪಾಸಣೆಗೆ ಬಾಂಬೋಳಿಯಲ್ಲೇ ಐಪಿಎಚ್‌ಬಿ ಇದೆ, ಸರಕಾರದ ಮನೋರೋಗ ಸಂಸ್ಥೆ. ನೆನಪು, ಗಮನ, ನಿರ್ಧಾರ ಶಕ್ತಿ ಅಳೆಯುವ ನ್ಯೂರೋಸೈಕಾಲಜಿ ಪರೀಕ್ಷೆ ಬೇಕೆಂದು ಕೇಳಿ. ಬೆಂಗಳೂರಿನ ನಿಮ್ಹಾನ್ಸ್ ತಯಾರಿಸಿದ ಪರೀಕ್ಷಾಸರಣಿ ನಮ್ಮ ದೇಶದವರ ಮಟ್ಟಕ್ಕೆ ಹೊಂದಿಸಿದ್ದು. ಪೆಟ್ಟಾದ ಹೊಸದರಲ್ಲಿ ಮಾಡಿಸಿದರೆ ‘ಇನ್ನೂ ಸುಧಾರಿಸುತ್ತದೆ’ ಎಂದು ತಳ್ಳಿಹಾಕುತ್ತಾರೆ, ಕನಿಷ್ಠ ಆರು ತಿಂಗಳು ಕಳೆದ ಮೇಲಿನ ಫಲಿತಾಂಶಕ್ಕೆ ಬೆಲೆ. ಪರೀಕ್ಷೆ ಅವನಿಗೆ ಬರುವ ಭಾಷೆಯಲ್ಲೇ ನಡೆಯಬೇಕು. ಕೊಂಕಣಿ, ಇಂಗ್ಲಿಷಿನಲ್ಲಿ ಕೇಳಿ ಉತ್ತರ ಬರದಿದ್ದರೆ ಅದು ಮರೆವಲ್ಲ. ಕನ್ನಡ ಬಲ್ಲವರು ಜೊತೆಗಿದ್ದು ಮಾತು ದಾಟಿಸಿದರೆ, ಅವರು ಯಾರೆಂದು ವರದಿಯಲ್ಲಿ ಬರೆಸಿ. ಎಷ್ಟನೇ ಇಯತ್ತೆ ಕಲಿತಿದ್ದಾನೆ ಎಂಬುದನ್ನೂ ಹೇಳಿ, ಅಂಕಗಳನ್ನು ಓದುವುದು ಅದರ ಮೇಲೆಯೇ.

ಕುಡಿತದ ಮಾತು ಮುಚ್ಚಿಡಬೇಡಿ. ಮೊದಲು ಎಷ್ಟು, ಈಗ ಎಷ್ಟು ಎಂದು ಡಾಕ್ಟರಿಗೆ ನಿಜ ಹೇಳಿ. ಮೊದಲು ಕುಡಿದರೂ ದಿನಾ ಕೆಲಸಕ್ಕೆ ಬರುತ್ತಿದ್ದ, ಅಳತೆ ತಪ್ಪುತ್ತಿರಲಿಲ್ಲ ಎಂದು ಮೇಸ್ತ್ರಿ ಬಂದು ಹೇಳಿದರೆ ವಾದ ಅಲ್ಲಿಗೇ ನಿಲ್ಲುತ್ತದೆ. ಸೆಂಟ್ರಿಂಗ್ ಕೆಲಸಕ್ಕೆ ಲೆಕ್ಕ, ಮಟ್ಟ, ಎತ್ತರದ ಮೇಲೆ ಎಚ್ಚರ ಬೇಕು. ಅಪಘಾತದ ನಂತರ ಒಂದೆರಡು ದಿನ ಕೆಲಸಕ್ಕೆ ಕರೆದು ವಾಪಸ್ ಕಳಿಸಿದ್ದರೆ ಯಾಕೆ ಕಳಿಸಿದರೆಂದು ಅವರ ಬಾಯಿಂದಲೇ ಬರಲಿ. ಮಸ್ಟರ್, ಪಗಾರದ ಡೈರಿ, ಫೋನ್‌ಪೇ ಜಮಾ ಎಲ್ಲ ತೆಗೆದಿಡಿ. ತಮ್ಮನ ಹೆಂಡತಿಯ ಸುರಕ್ಷತೆ ಕೇಸಿಗಿಂತ ಮೊದಲು. ಕೈ ಮಾಡುತ್ತಿದ್ದಾನೆ ಎಂಬುದನ್ನು ಡಾಕ್ಟರಿಗೆ ಸ್ಪಷ್ಟವಾಗಿ ಹೇಳಿ, ಇಂಥ ಸಿಟ್ಟಿಗೆ ಔಷಧವಿದೆ.

ಪ್ರಶ್ನೆ: ನನಗೆ 2019ರಲ್ಲಿ ಖಿನ್ನತೆ ಆಗಿತ್ತು, ಎರಡು ವರ್ಷ ಮಾತ್ರೆ ತಿಂದು ಬಿಟ್ಟೆ. ಕಳೆದ ವರ್ಷ ಘೋಡಬಂದರ್ ರಸ್ತೆಯಲ್ಲಿ ರಿಕ್ಷಾ ಮಗುಚಿ ಕೈ ಮುರಿದ ಮೇಲೆ ಎಲ್ಲ ಮರಳಿ ಬಂದಿದೆ, ಮೊದಲಿಗಿಂತ ಜೋರಾಗಿ. ಹಳೆಯದನ್ನು ಹೇಳಿದರೆ ಕೇಸ್ ಹೋಗುತ್ತದೆ, ಮುಚ್ಚಿಡಿ ಎನ್ನುತ್ತಾರೆ ಸಂಬಂಧಿಕರು. (ಠಾಣೆ)

ಉತ್ತರ: ಮುಚ್ಚಿಡಬೇಡಿ. ಹಳೆಯ ಚೀಟಿ ಎದುರು ಪಕ್ಷದ ಕೈಗೆ ಸಿಕ್ಕಿ ಪಾಟೀಸವಾಲಿನಲ್ಲಿ ಹೊರಬಂದರೆ ನಿಮ್ಮ ನಿಜವಾದ ಮಾತನ್ನೂ ನಂಬುವವರಿರುವುದಿಲ್ಲ. ಹಳೆಯ ಕಾಯಿಲೆ ಇದ್ದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಗಾಯಗೊಳಿಸಿದವರು ಗಾಯಗೊಂಡವರನ್ನು ಅವರು ಇದ್ದ ಸ್ಥಿತಿಯಲ್ಲೇ ಒಪ್ಪಿಕೊಳ್ಳಬೇಕು. ನೀವು ತೋರಿಸಬೇಕಾದ್ದು ಅಪಘಾತದ ಹಿಂದಿನ ದಿನ ನೀವು ಹೇಗಿದ್ದಿರಿ, ಆಮೇಲೆ ಎಷ್ಟು ಹದಗೆಟ್ಟಿತು ಎಂಬ ಅಂತರ.

ಹಳೆಯ ಕಾಗದವೇ ಇಲ್ಲಿ ನಿಮ್ಮ ಬಲ. ಆಗ ಎಸಿಟಾಲೋಪ್ರಾಮ್ 10 ಮಿ.ಗ್ರಾಂ. ಒಂದರಲ್ಲೇ ಸುಧಾರಿಸಿ, ವೈದ್ಯರು ತಾವೇ ಇಳಿಸಿ ನಿಲ್ಲಿಸಿದರು ಎಂದಿರಲಿ. ಈಗ 20 ಮಿ.ಗ್ರಾಂ. ಜೊತೆಗೆ ಇನ್ನೊಂದು ಮಾತ್ರೆ, ವಾರಕ್ಕೊಮ್ಮೆ ಥೆರಪಿ ಎಂದಿರಲಿ. ಆ ಎರಡು ಚೀಟಿ ಅಕ್ಕಪಕ್ಕ ಇಟ್ಟರೆ ಅಂತರ ಕಣ್ಣಿಗೆ ಕಾಣುತ್ತದೆ. ಮಾತ್ರೆ ಬಿಟ್ಟಂದಿನಿಂದ ಅಪಘಾತದ ತನಕ ತೊಂದರೆ ಇಲ್ಲದೆ ಇದ್ದಿರಿ ಎಂಬುದಕ್ಕೆ ಕೆಲಸದ ಹಾಜರಿ, ಬಡ್ತಿ, ಮಾಡಿದ ಪ್ರವಾಸ ಯಾವುದಾದರೂ ಆದೀತು. ನೀವಾಗಿಯೇ ಮಾತ್ರೆ ಬಿಟ್ಟಿದ್ದರೆ ಅದನ್ನೂ ಹೇಳಿ, ಬಿಟ್ಟು ಎಷ್ಟು ಕಾಲ ಚೆನ್ನಾಗಿದ್ದಿರಿ ಎಂಬುದನ್ನೂ. ಇದು ಹಳೆಯದರ ಮರುಕಳಿಕೆಯೋ, ಹೊಸ ಲಕ್ಷಣಗಳೂ ಸೇರಿವೆಯೋ ಎಂದು ಈಗಿನ ವೈದ್ಯರು ಬರೆಯಲಿ. ರಿಕ್ಷಾ ಹತ್ತಲು ಭಯ 2019ರಲ್ಲಿ ಇರಲಿಲ್ಲ, ಅಲ್ಲವೇ?

ಹಳೆಯ ಆಸ್ಪತ್ರೆಯಿಂದ ಕಾಗದ ಬೇಕಿದ್ದರೆ 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ಅದು ನಿಮ್ಮ ಹಕ್ಕು. ವೈದ್ಯರು ದಾಖಲೆ ಇಟ್ಟುಕೊಳ್ಳಬೇಕಾದ ಕನಿಷ್ಠ ಅವಧಿ ಮೂರೇ ವರ್ಷ, ಹಾಗಾಗಿ 2019ರದು ಅವರಲ್ಲಿ ಸಿಗದಿದ್ದರೆ ನಿಮ್ಮ ಮನೆಯ ಚೀಟಿ, ಔಷಧ ಅಂಗಡಿಯ ಬಿಲ್ಲು ಹುಡುಕಿ.

ಪ್ರಶ್ನೆ: ಸಂಜೆಯ ಲೋಕಲ್‌ನ ಬಾಗಿಲಲ್ಲಿ ನೂಕಾಟಕ್ಕೆ ಸಿಕ್ಕಿ ಮಗ ಕೆಳಗೆ ಬಿದ್ದ. ಭುಜ ಮುರಿದಿತ್ತು, ಕೂಡಿಕೊಂಡಿತು. ಈಗ ಪ್ಲಾಟ್‌ಫಾರ್ಮಿಗೆ ಕಾಲಿಟ್ಟರೆ ಉಸಿರು ಕಟ್ಟುತ್ತದೆ ಎನ್ನುತ್ತಾನೆ, ಫೋರ್ಟ್‌ನ ಕೆಲಸ ಬಿಟ್ಟಿದ್ದಾನೆ. ಇದಕ್ಕೂ ಪರಿಹಾರ ಉಂಟೋ? (ಡೊಂಬಿವಲಿ)

ಉತ್ತರ: ಉಂಟು, ಆದರೆ ರಸ್ತೆ ಅಪಘಾತದಷ್ಟು ಅಗಲವಾದ ದಾರಿಯಲ್ಲ. ರೈಲಿನಿಂದ ಬಿದ್ದದ್ದಕ್ಕೆ ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ನ ಮುಂಬೈ ಪೀಠಕ್ಕೆ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ರೈಲ್ವೆಯ ತಪ್ಪು ತೋರಿಸುವ ಅಗತ್ಯವಿಲ್ಲ. ಯಾವ ಗಾಯಕ್ಕೆ ಎಷ್ಟು ಎಂಬ ಪಟ್ಟಿ ನಿಯಮದಲ್ಲೇ ಇದೆ. ಪಟ್ಟಿಯಲ್ಲಿಲ್ಲದ ಗಾಯದ ನೋವು-ಯಾತನೆಗೆ ವೈದ್ಯಕೀಯ ಸಾಕ್ಷ್ಯ ನೋಡಿ ಟ್ರಿಬ್ಯೂನಲ್ ಮೊತ್ತ ತೀರ್ಮಾನಿಸುತ್ತದೆ. ಮನಸ್ಸಿನ ಹಾನಿಯನ್ನು ತರಬೇಕಾದ್ದು ಆ ಬಾಗಿಲಿನಿಂದ. ಸಂಬಳದ ಗುಣಕದ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಒಂದು ಅಪಾಯ ಇದೆ, ವಕೀಲರಿಗೂ ನೆನಪಿಸಿ. ಆತ್ಮಹತ್ಯೆಯ ಯತ್ನ, ಅಮಲು, ಬುದ್ಧಿಭ್ರಮಣೆಯಲ್ಲಿ ಮಾಡಿಕೊಂಡದ್ದು ಇವಕ್ಕೆ ರೈಲ್ವೆ ಪರಿಹಾರ ಕೊಡಬೇಕಿಲ್ಲ. ತಾರೀಖು ಸ್ಪಷ್ಟವಿಲ್ಲದ ಮನೋವೈದ್ಯರ ಚೀಟಿ ತೋರಿಸಿದರೆ ‘ಮೊದಲೇ ಹೀಗಿದ್ದ, ತಾನೇ ಹಾರಿದ’ ಎಂದು ತಿರುಗಿಸಬಹುದು. ಭಯ ಶುರುವಾದದ್ದು ಬಿದ್ದ ನಂತರವೇ ಎಂಬುದು ಮೊದಲ ಚೀಟಿಯಲ್ಲೇ ಇರಲಿ. ಪಾಸ್ ಅಥವಾ ಟಿಕೆಟ್, ಸ್ಟೇಷನ್ ಮಾಸ್ಟರ್ ಮೆಮೊ, ಜಿಆರ್‌ಪಿ (ರೈಲ್ವೆ ಪೊಲೀಸ್) ದಾಖಲೆ, ಮೊದಲು ಸೇರಿಸಿದ ಆಸ್ಪತ್ರೆಯ ಎಂಎಲ್‌ಸಿ ಇವು ನಾಲ್ಕೂ ಬೇಕು. ಟಿಕೆಟ್ ಕಳೆದುಹೋಗಿದ್ದರೆ ಅಫಿಡವಿಟ್ ಕೊಟ್ಟು ಮುಂದುವರಿಯಬಹುದು, ಅದೊಂದೇ ಕಾರಣಕ್ಕೆ ಅರ್ಜಿ ಬೀಳುವುದಿಲ್ಲ.

ಪ್ರಶ್ನೆ: ಅಪಘಾತವಾಗಿ ಎಂಟು ತಿಂಗಳಾದರೂ ತಂಗಿಯನ್ನು ಮನೋವೈದ್ಯರಿಗೆ ತೋರಿಸಿಲ್ಲ. ದೃಷ್ಟಿ ತೆಗೆಸಿದೆವು, ತಾಯಿತ ಕಟ್ಟಿಸಿದೆವು. ಮೈಯ ಗಾಯಕ್ಕೆ ಕೇಸ್ ಹಾಕಿ ಆಗಿದೆ. ಈಗ ‘ಬದುಕು ಸಾಕು’ ಎನ್ನತೊಡಗಿದ್ದಾಳೆ. ಇಷ್ಟು ತಡವಾದ ಮೇಲೆ ಡಾಕ್ಟರ ಕಾಗದಕ್ಕೆ ಬೆಲೆ ಇದೆಯೇ? ವಿಮಾ ಕಂಪನಿ ಬೇರೆ ತನ್ನ ಡಾಕ್ಟರ ಹತ್ತಿರ ಬನ್ನಿ ಎನ್ನುತ್ತಿದೆ. (ಮೀರಾ ರೋಡ್)

ಉತ್ತರ: ಕಾಗದದ ಮಾತು ಆಮೇಲೆ. ‘ಬದುಕು ಸಾಕು’ ಎಂಬುದನ್ನು ಬಾಯಿಮಾತೆಂದು ಬಿಡಬೇಡಿ. ಇಂದೇ ಹತ್ತಿರದ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದೊಯ್ಯಿರಿ, ಒಬ್ಬಳನ್ನೇ ಬಿಡಬೇಡಿ. ಸರಕಾರದ ಟೆಲಿ-ಮಾನಸ್ ಸಂಖ್ಯೆ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ತಡವಾದರೂ ಬೆಲೆ ಇದೆ. ದೃಷ್ಟಿ ತೆಗೆಸಿದ್ದು, ತಾಯಿತ ಕಟ್ಟಿಸಿದ್ದು ನಾಚಿಕೆಯ ಸಂಗತಿಯಲ್ಲ. ತೊಂದರೆ ಆಗಲೇ ಶುರುವಾಗಿತ್ತು, ಮನೆಯವರು ಅದಕ್ಕೆ ತಮಗೆ ತಿಳಿದಂತೆ ಉಪಾಯ ಮಾಡುತ್ತಿದ್ದರು ಎಂಬುದಕ್ಕೆ ಅದೇ ಸಾಕ್ಷಿ. ಯಾವ ತಿಂಗಳು, ಎಲ್ಲಿ, ಏಕೆ ಎಂಬುದನ್ನು ಮನೋವೈದ್ಯರಿಗೆ ಹೇಳಿ, ಅವರು ದಾಖಲಿಸಲಿ. ಆ ಎಂಟು ತಿಂಗಳಲ್ಲಿ ಅವಳು ಗೆಳತಿಗೆ ಕಳಿಸಿದ ವಾಟ್ಸ್ಆ್ಯಪ್ ಸಂದೇಶ, ರಾತ್ರಿ ಮೂರಕ್ಕೆ ಕಳಿಸಿದ ಧ್ವನಿ ಟಿಪ್ಪಣಿಗಳೂ ಸಾಕ್ಷ್ಯವೇ. ಅವನ್ನು ಅಳಿಸಬೇಡಿ, ಮೊಬೈಲ್ ಬದಲಿಸಿದರೆ ಹಳೆಯದನ್ನು ಹಾಗೇ ಇಡಿ. ಕೋರ್ಟಿಗೆ ಸಲ್ಲಿಸುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಜೊತೆಗಿರಬೇಕು. ಆಪ್ತಸಲಹೆಗಾರರೊಬ್ಬರ ಪತ್ರ ಮಾತ್ರ ನಂಬಿ ಕೂರಬೇಡಿ. ಮನೋವೈದ್ಯರು, ಅಥವಾ ಅವರ ಜೊತೆಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಮಂಡಳಿ) ನೋಂದಣಿ ಇರುವ ಕ್ಲಿನಿಕಲ್ ಸೈಕಾಲಜಿಸ್ಟ್ ಬೇಕು.

ವಿಮಾ ಕಂಪನಿಯ ಡಾಕ್ಟರಲ್ಲಿಗೆ ಹೋಗುವ ಮೊದಲು ನಿಮ್ಮ ವಕೀಲರನ್ನು ಕೇಳಿ. ಹೋಗುವುದಾದರೆ ಮನೆಯವರೊಬ್ಬರು ಜೊತೆಗಿರಲಿ, ಎಷ್ಟು ಹೊತ್ತು ನೋಡಿದರು, ಏನು ಕೇಳಿದರು ಎಂದು ಹೊರಬಂದ ಕೂಡಲೇ ಬರೆದಿಡಿ. ಇದ್ದದ್ದನ್ನು ಇದ್ದ ಹಾಗೆ ಹೇಳಲಿ. ಎಲ್ಲ ಪ್ರಶ್ನೆಗೂ ‘ಹೌದು, ತುಂಬಾ’ ಎನ್ನುವವರನ್ನು ಗುರುತಿಸಲೆಂದೇ ಕೆಲವು ಪ್ರಶ್ನೆಗಳಿರುತ್ತವೆ, ಅದರಲ್ಲಿ ಸಿಕ್ಕಿಬಿದ್ದರೆ ನಿಜವಾದ ಕಾಯಿಲೆಯೂ ಸುಳ್ಳೆನಿಸುತ್ತದೆ. ಒಳ್ಳೆಯ ದಿನಗಳಿದ್ದರೆ ಅದನ್ನೂ ಹೇಳಲಿ. ಇನ್ನು ವಕೀಲರ ಖರ್ಚಿನ ಚಿಂತೆ ಇದ್ದರೆ, ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ಕಾನೂನು ನೆರವು ಇದೆ. ಠಾಣೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ವಿಚಾರಿಸಿ. ಆಧಾರ್, ಕೇಸಿನ ನಂಬರು, ಮೊದಲ ಆಸ್ಪತ್ರೆಯ ಕಾಗದ ಜೊತೆಗೆ ಒಯ್ಯಿರಿ.